ಮಿಲಿಟರಿ ಗಾಡಿಯ ನೂರಾ ಹದಿನೆಂಟು ಟ್ರಿಪ್ಪುಗಳು

ಈ ಜೂನ್ ಎರಡನೆಯ ವಾರ ಮುಂಡಗೋಡದ ಟಿಬೆಟನ್ ಕಾಲೊನಿಗೆ ಗೋವಿನಜೋಳದ ಬೀಜ ತಂದ ಲಾರಿಯೊಂದು ಇಳಿಜಾರಿನಲ್ಲಿ ಬಂದು ನಿಂತಾಗ ಅದರ ಗಾಲಿಗಳಿಂದ ವಾಸನೆ ಎದ್ದಿತು. ಕಾದ ಬ್ರೇಕಿನ ವಾಸನೆ ಎಲ್ಲ ಲಾರಿಗಳಿಗೂ ಇರುತ್ತದೆ. ಇದರಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸುಟ್ಟ ವಾಸನೆ ಸೇರಿತ್ತು. ಅಲ್ಲಿನ ಉಗ್ರಾಣದ ಲೆಕ್ಕ ನನ್ನದು; ಬೀಜದ ಚೀಲ ಎಣಿಸಿಕೊಳ್ಳುತ್ತಿದ್ದೆ, ಮೂವತ್ತೇಳಕ್ಕೆ ಬಂದಿದ್ದೆ. ಎಣಿಕೆ ತಪ್ಪಿತು. ನನಗೆ ಎಣಿಕೆ ತಪ್ಪುವುದು ಅಪರೂಪ. ಮತ್ತೆ ಒಂದರಿಂದ ಸುರು ಮಾಡಿದೆ.

ಬ್ರೇಕಿಗೆ ಔಡಲೆಣ್ಣೆ ಯಾಕೆ ಹಾಕುತ್ತಾರೆ ಎಂಬುದು ನನಗೆ ಗೊತ್ತು. ಹತ್ತು ವರ್ಷದ ಹಿಂದೆ, ೧೯೬೧ರ ಜನವರಿ ೯ರಿಂದ ಜೂನ್ ೩ರವರೆಗೆ ಅಂಥದೊಂದು ಗಾಡಿಯಲ್ಲಿ ಕೂತು ನಾನು ಕುಂಬಾರವಾಡದ ಕಾಡಿನಿಂದ ನೂರಾ ಹದಿನೆಂಟು ಸಲ ದಾಂಡೇಲಿಗೆ ಹೊರಟಿದ್ದೇನೆ. ತಲುಪಿದ್ದು ನೂರಾ ಹದಿನೇಳು ಸಲ. ಆ ಐದು ತಿಂಗಳ ಕೊನೆಗೆ ಒಬ್ಬ ಹಮಾಲ ಸತ್ತ. ಒಬ್ಬ ಡ್ರೈವರ್ ಜೇಲಿಗೆ ಹೋದರು, ಅವರ ಲೈಸೆನ್ಸು ಹೋಯಿತು. ಅವರನ್ನು ಜೇಲಿಗೆ ಕಳಿಸಿದ್ದು ನನ್ನ ದಿನಚರಿ ಪುಸ್ತಕ. ಅದನ್ನು ಯಾರೂ ನನ್ನಿಂದ ಕಸಿದುಕೊಳ್ಳಲಿಲ್ಲ. ನಾನೇ ಒಯ್ದು ಕೊಟ್ಟೆ.

ಆಗ ನನಗೆ ಇಪ್ಪತ್ತು ವರ್ಷ. ಕಲಘಟಗಿಯಲ್ಲಿ ಮೆಟ್ರಿಕ್ ಮುಗಿಸಿ ದಾಂಡೇಲಿಯಲ್ಲಿದ್ದ ಅಕ್ಕನ ಮನೆಗೆ ಬಂದಿದ್ದೆ. ಮಾವ ಕಾಗದದ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿಗೆ ಬಿದಿರು ಪೂರೈಸುತ್ತಿದ್ದ ಒಬ್ಬ ಕಂತ್ರಾಟದಾರರ ಹತ್ತಿರ ಅವರೇ ನನಗೆ ಕಾರಕೂನಿಕೆ ಕೊಡಿಸಿದರು. ಧಣಿ ಬೆಳಗಾವಿಯಲ್ಲಿರುತ್ತಿದ್ದರು. ಆ ಐದು ತಿಂಗಳಲ್ಲಿ ಅವರ ಮುಖವನ್ನು ನಾನು ನೋಡಲಿಲ್ಲ. ಎಲ್ಲವನ್ನೂ ನಡೆಸುತ್ತಿದ್ದವರು ಅವರ ಮ್ಯಾನೇಜರು. ನಾವೆಲ್ಲ ದಿವಾಣಜಿ ಅನ್ನುತ್ತಿದ್ದೆವು. ನನ್ನ ಕೆಲಸ ಇಷ್ಟೇ: ಕೂಪಿನಲ್ಲಿ, ಅಂದರೆ ಕಡಿಯಲು ಗುತ್ತಿಗೆ ಕೊಟ್ಟ ಕಾಡಿನ ತುಂಡಿನಲ್ಲಿ, ಕಡಿದು ಕಟ್ಟಿದ ಬಿದಿರಿನ ಹೊರೆಗಳನ್ನು ಲಾರಿಗೆ ಹೇರುವಾಗ ಎಣಿಸುವುದು, ಲಾರಿಯ ಜೊತೆಗೆ ದಾಂಡೇಲಿಗೆ ಬರುವುದು, ಇಳಿಸುವಾಗ ಮತ್ತೆ ಎಣಿಸುವುದು.

ಲಾರಿಯನ್ನು ಊರವರು ‘ಮಿಲಿಟರಿ’ ಎಂದೇ ಕರೆಯುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ ಅಮೇರಿಕದ ಸೈನ್ಯ ಇಲ್ಲಿ ಬಿಟ್ಟುಹೋದ ಗಾಡಿಗಳನ್ನು ಹರಾಜು ಹಾಕಿದಾಗ ಧಣಿ ಒಂದೇ ನಮೂನೆಯ ಮೂರು ಹಿಡಿದಿದ್ದರು. ಡಿಸ್ಪೋಜಲ್ ಗಾಡಿಗೆ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೇ ಮೂರು. ಒಂದು ಓಡಲಿಕ್ಕೆ, ಎರಡು ಅದಕ್ಕೆ ತಿನ್ನಲಿಕ್ಕೆ. ನಾನು ಸೇರುವ ಹೊತ್ತಿಗೆ ಆ ಎರಡು ಗಾಡಿಗಳಲ್ಲಿ ಎಲುಬಷ್ಟೇ ಉಳಿದಿತ್ತು. ದಾಂಡೇಲಿಯಲ್ಲಿ ನಮ್ಮ ಬಿದಿರಿನ ಡಿಪೋದ ಹಿಂದೆ ಮುಳ್ಳುಕಂಟಿಯಲ್ಲಿ ನಿಂತಿದ್ದ ಅವುಗಳಿಂದ ಆ ಐದು ತಿಂಗಳಲ್ಲಿ ಬಿಚ್ಚಿಕೊಂಡದ್ದೆಲ್ಲ ನನ್ನ ಪುಸ್ತಕದಲ್ಲಿದೆ: ಸ್ಪ್ರಿಂಗಿನ ಪಟ್ಟಿ ಆರು, ದೀಪ ಎರಡು, ರೇಡಿಯೇಟರ್ ಒಂದು, ಬಾಗಿಲ ಹಿಡಿಕೆ ಒಂದು, ಬೋಲ್ಟು ತೊಂಬತ್ತ ಮೂರು.

ಓಡುವ ಗಾಡಿಗೆ ಹತ್ತು ಗಾಲಿ. ಬಾಗಿಲ ಮೇಲೆ ಬಣ್ಣದ ಅಡಿಯಿಂದ ಒಂದು ನಕ್ಷತ್ರ ಉಬ್ಬಿ ಕಾಣುತ್ತಿತ್ತು. ಒಂದು ರವಿವಾರ ಅದರ ಮೂಲೆಯನ್ನು ಚಾಕುವಿನಿಂದ ಕೆರೆದು ನೋಡಿದೆ. ಐದು ಪದರು ಬಣ್ಣ, ಎಲ್ಲಕ್ಕೂ ಕೆಳಗೆ ಹಸಿರು. ಡ್ರೈವರನ ಮುಂದೆ ಒಂದು ತಗಡು ಬಡಿದಿದ್ದರು. ಇಂಗ್ಲಿಷಿನಲ್ಲಿದ್ದ ಅದನ್ನು ಓದಿ ಡ್ರೈವರಿಗೆ ಹೇಳಿದೆ, ರಸ್ತೆ ಇಲ್ಲದಲ್ಲಿ ಎರಡೂವರೆ ಟನ್ನಿಗಿಂತ ಹೆಚ್ಚು ಹೇರಬಾರದು ಅಂತ ಬರೆದಿದ್ದಾರೆ ಎಂದು.

“ಅದು ಸೋಲ್ಜರಗೋಳಿಗೆ ಬರದದ್ದು. ನಮ್ಮ ಧಣಿಗಲ್ಲ,” ಎಂದರು ಅವರು. ನಾವು ಹೇರುತ್ತಿದ್ದದ್ದು ಐದು ಟನ್.

ಆ ಡ್ರೈವರೇ ದಾವಲಸಾಬರು. ಹಳಿಯಾಳದವರು, ನಲವತ್ತೈದು ದಾಟಿದ್ದರು. ಯುದ್ಧದಲ್ಲಿ ಬರ್ಮಾದ ಕಡೆ ಇಂಥದೇ ಗಾಡಿ ಹೊಡೆದವರು. ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ನಾನು ಚಾಚಾ ಅನ್ನುತ್ತಿದ್ದೆ. ಅವರು ನನ್ನನ್ನು ಬೇಕಂತಲೇ ‘ಕಾರಕೂನ್ ಸಾಹೇಬ್ರ’ ಅನ್ನುತ್ತಿದ್ದರು.

“ಲಡಾಯ್ದಾಗ ಇವಕ್ಕ ಒಂದು ವರ್ಷ ಆಯುಷ್ಯ ಅಂತ ಮಾಡಿದ್ರು ಕಾರಕೂನ್ ಸಾಹೇಬ್ರ. ಒಂದು ವರ್ಷ ಓಡಬೇಕು, ಸಾಯಬೇಕು. ಇದು ಹದಿನೆಂಟನೇ ವರ್ಷ. ಇದಕ್ಕ ಯಾರೂ ಹೇಳಿಲ್ಲ, ಲಡಾಯಿ ಮುಗೀತು ಅಂತ.”

ಗಾಡಿಯ ಸ್ಟೀಯರಿಂಗ್ ಎಡಗಡೆಗಿತ್ತು. ಅಲ್ಲಿ ಕೂತವನಿಗೆ ತಿರುವುಗಳಲ್ಲಿ ಎದುರಿಗೆ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ. ಬಲಗಡೆ ಕೂತವನು ನೋಡಿ ಹೇಳಬೇಕು. ಬೇರೆ ಕ್ಲೀನರ್ ಇಲ್ಲದ್ದರಿಂದ ಆ ಕೆಲಸ ನನಗೆ ಬಂತು. ಮೊದಲನೆಯ ದಿನ ಕುಂಬಾರವಾಡದಲ್ಲಿ ಎಂಜಿನ್ ಚಾಲೂ ಮಾಡುವ ಮೊದಲು ಚಾಚಾ ನನಗೆ ಪಾಠ ಹೇಳಿದರು.

“ಎರಡ ಮಾತು. ಎದುರಿಗೆ ಏನರ ಇದ್ರ ‘ಐತಿ’. ಇರದಿದ್ರ ‘ಇಲ್ಲ’. ‘ಇರಬೇಕ್ರಿ’, ‘ಇರಾಕಿಲ್ಲ ಅನಸ್ತೈತಿ’ ಅಂತ ಮೂರನೇ ಮಾತು ಬಾಯಾಗ ಬಂತಂದ್ರ ಅಲ್ಲೇ ಇಳಸ್ತೇನಿ. ದಾಂಡೇಲಿತನಕಾ ನಡಕೊಂತ ಬರ್ರಿ.”

ಈ ಪದ್ಧತಿ ನನ್ನ ಸ್ವಭಾವಕ್ಕೆ ಸರಿಹೋಯಿತು. ನಾನು ‘ಇಲ್ಲ’ ಅಂದರೆ ಅವರು ತಿರುಗಿ ನೋಡುತ್ತಿರಲಿಲ್ಲ, ಗಾಡಿಯನ್ನು ತಿರುವಿಗೆ ಬಿಡುತ್ತಿದ್ದರು. ಅಷ್ಟು ನಂಬಿಕೆಯನ್ನು ನನ್ನ ಮೇಲೆ ಅದಕ್ಕೂ ಮೊದಲು ಯಾರೂ ಇಟ್ಟಿರಲಿಲ್ಲ.

ದಿನಚರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಚಟ. ಗಾಡಿ ಹತ್ತಿದ ಮೇಲೆ ಅದು ಗಾಡಿಯ ದಿನಚರಿಯಾಯಿತು. ತಾರೀಖು, ಟ್ರಿಪ್ಪಿನ ನಂಬರು, ಹೊರೆಗಳು, ಹೇರಿದ ಮೇಲೆ ಯಾರು ಕೂತಿದ್ದರು, ಎಲ್ಲಿ ಪಂಕ್ಚರ್, ಎಲ್ಲಿ ನೀರು ಹಾಕಿದೆವು, ಕುಂಬಾರವಾಡದ ಹೋಟೆಲಿನಲ್ಲಿ ಚಹಾ ಎಷ್ಟು ಎಲ್ಲವನ್ನೂ ಬರೆಯುತ್ತಿದ್ದೆ. ಮಾತುಗಳನ್ನು ಮಾತ್ರ ಬರೆಯುತ್ತಿರಲಿಲ್ಲ. ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಗುತ್ತದೆ, ಅಂಕೆ ಹಾಗಲ್ಲ ಎಂದು ನಾನೇ ಮಾಡಿಕೊಂಡ ನಿಯಮ ಅದು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಬಿದಿರಿನ ಹೇರಿನ ಮೇಲೆ ಹೆಚ್ಚಾಗಿ ಕೂರುತ್ತಿದ್ದವನು ಯಲ್ಲಪ್ಪ. ಖಾನಾಪುರದ ಕಡೆಯ ಹಮಾಲ, ಮೂವತ್ತರ ಆಸುಪಾಸು. ಉಳಿದ ನಾಲ್ವರು ಕೂಪಿನಲ್ಲೇ ಇರುತ್ತಿದ್ದರು. ದಾಂಡೇಲಿಯಲ್ಲಿ ಇಳಿಸಲು ಇವನು ಜೊತೆಗೆ ಬರುತ್ತಿದ್ದ. ಮೇಲಿನಿಂದ ತಲೆ ಕೆಳಗೆ ಮಾಡಿ ನನ್ನ ಕಿಟಕಿಯಲ್ಲಿ ಇಣುಕುತ್ತಿದ್ದ.

“ಏ ಕಾರಕೂನಾ, ಬೆಳಗಿಂದ ಮೂರ ಸಲ ಸೀನೇನಿ. ಬರಕೊಂಡೀ? ಇಲ್ಲಾಂದ್ರ ನಿನ್ನ ಲೆಕ್ಕ ತಪ್ಪತೈತಿ ನೋಡ!”

“ಸರಿಯಾಗಿ ಕುಂದರೋ ಮಾರಾಯಾ, ಬೀಳ್ತಿ.”

“ನಾ ಯಾಕ ಬೀಳ್ಲಿ? ಜಪಾನದವರನ್ನ ಓಡಿಸಿದ ಗಾಡಿ ಇದು. ನೀ ಒಳಗ ಕುಂತ ಗುಮಾಸ್ತ, ನಾ ಮ್ಯಾಲ ಕುಂತ ಜನರಲ್!”

ಚಾಚಾ ನಗುತ್ತ ಹಾರನ್ ಹೊಡೆಯುತ್ತಿದ್ದರು. ಫೆಬ್ರುವರಿ, ಮಾರ್ಚ್ ಹೀಗೇ ಹೋದವು. ಬಿದಿರಿನ ಸೂಕ್ಷ್ಮ ಮುಳ್ಳು ಅಂಗಿಯೊಳಗೆ ಸೇರಿ ಮೈಯೆಲ್ಲ ತುರಿಸುತ್ತಿತ್ತು. ಮಾರ್ಚ್ ಕೊನೆಗೆ ಕಾಡಿನ ನೆಲಕ್ಕೆ ಬೆಂಕಿ ಬಿದ್ದು ಮೂರು ದಿನ ಹೊಗೆಯೊಳಗೇ ಓಡಾಡಿದೆವು. ಸೂಪಾ ದಾಟುವಾಗ ಕಾಳಿ ನದಿ ಕಲ್ಲು ಕಲ್ಲಾಗಿ ಕಾಣುತ್ತಿತ್ತು. ಏಪ್ರಿಲ್ ೧೦ಕ್ಕೆ ಎಪ್ಪತ್ತನಾಲ್ಕು ಟ್ರಿಪ್ಪುಗಳಾಗಿದ್ದವು.

ಆ ವಾರವೇ ಬ್ರೇಕು ಸಡಿಲಾಯಿತು. ಪೆಡಲು ತುಳಿದಾಗ ಎಣ್ಣೆಯನ್ನು ಒತ್ತಿ ಹಿಡಿಯುವ ರಬ್ಬರಿನ ಸಣ್ಣ ಬಟ್ಟಲುಗಳು ಗಾಲಿಗಳೊಳಗೆ ಇರುತ್ತವೆ. ಅವು ಹರಿದಿದ್ದವು. ಸತ್ತ ಗಾಡಿಗಳಲ್ಲಿದ್ದವೂ ಮುಗಿದಿದ್ದವು. ಚಾಚಾ ಹಳಿಯಾಳದಲ್ಲಿ ಚಪ್ಪಲಿ ಹೊಲಿಯುವವರಿಂದ ಮೆತ್ತನೆಯ ಚರ್ಮ ತಂದು, ಅಚ್ಚಿನಂತೆ ಕೊರೆದು, ಔಡಲೆಣ್ಣೆಯಲ್ಲಿ ಎರಡು ದಿನ ನೆನೆಹಾಕಿ ಬಟ್ಟಲು ಮಾಡಿ ಕೂರಿಸಿದರು. ಬ್ರೇಕಿನ ಎಣ್ಣೆ ಬದಲು ಔಡಲೆಣ್ಣೆಗೇ ಸ್ಪಿರಿಟ್ ಕಲಸಿ ಸುರಿದರು. ಬರ್ಮಾದಲ್ಲಿ ಕಲಿತ ಉಪಾಯವಂತೆ. ಚರ್ಮ ನಾಲ್ಕೈದು ದಿನ ತಡೆಯುತ್ತಿತ್ತು. ಆಮೇಲೆ ಮತ್ತೆ ಕೊರೆಯಬೇಕು.

ಸಪಾಟಾದ ರಸ್ತೆಗೆ ಇದು ಸಾಕು. ಹನ್ನೊಂದನೆಯ ಮೈಲುಗಲ್ಲಿನ ಇಳಿಜಾರಿಗೆ ಸಾಲದು. ಅಲ್ಲಿ ಚಾಚಾ ಇನ್ನೊಂದು ಉಪಾಯ ಮಾಡಿದರು. ಇಳಿಜಾರಿನ ತಲೆಯಲ್ಲಿ ಗಾಡಿ ನಿಲ್ಲಿಸಿ, ಒಂದು ದಪ್ಪ ದಿಮ್ಮಿಯನ್ನು ಸರಪಳಿಯಿಂದ ಹಿಂದೆ ಕಟ್ಟುವುದು. ದಿಮ್ಮಿ ನೆಲ ಕೆರೆಯುತ್ತ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಕೆಳಗೆ ತಲುಪಿ ಬಿಚ್ಚಿದ ದಿಮ್ಮಿಯನ್ನು ಮರುದಿನ ಬರಿಗಾಡಿಯಲ್ಲಿ ಮತ್ತೆ ಮೇಲಕ್ಕೆ ಒಯ್ಯುತ್ತಿದ್ದೆವು. ಏಪ್ರಿಲ್ ೧೧ರಿಂದ ಮೇ ೩೧ರವರೆಗೆ ನಲವತ್ತೊಂದು ಸಲ ದಿಮ್ಮಿ ಕಟ್ಟಿದೆವು. ನಲವತ್ತೊಂದೂ ನನ್ನ ಪುಸ್ತಕದಲ್ಲಿವೆ.

“ಚಾಚಾ, ಗಾಡಿ ನಿಲ್ಲಿಸಿಬಿಡ್ರಲಾ. ಬಟ್ಟಲು ಬಂದ ಮ್ಯಾಲ ಹೊಡೀರಿ,” ಎಂದು ನಾನು ಒಮ್ಮೆ ಅಂದಿದ್ದೆ.

“ನಾ ಇಳದ್ರ ನಾಳೆ ಇನ್ನೊಬ್ಬನ್ನ ಹತ್ತಸ್ತಾರ. ಅವಂಗ ಈ ಗಾಡಿ ಗೊತ್ತಿಲ್ಲ. ಮೊದಲನೇ ದಿನಾನ ನಿಮ್ಮನ್ನೆಲ್ಲಾ ಕೊಲ್ತಾನ.” ಸರಪಳಿ ಬಿಗಿಯುತ್ತ ಹೇಳಿದರು, “ಮತ್ತ ನನಗರ ಬ್ಯಾರೆ ಏನ ಬರ್ತೈತಿ? ನನ್ನ ಕಡೆ ಇರೂದು ಒಂದ ಲೈಸನ್ಸು.”

ಜೂನ್ ೧, ಗುರುವಾರ. ಮಳೆ ಹಿಡಿದರೆ ಕಾಡಿನ ರಸ್ತೆ ಬಂದ್ ಆಗುತ್ತದೆ. ಕೂಪಿನಲ್ಲಿ ಇನ್ನೂ ಆರು ಟ್ರಿಪ್ಪಿನಷ್ಟು ಬಿದಿರು ಬಿದ್ದಿತ್ತು. ದಿವಾಣಜಿ ಜೀಪಿನಲ್ಲಿ ಕೂಪಿಗೆ ಬಂದರು. ಚಾಚಾ ಮತ್ತು ನಾನು ಹೋಟೆಲಿನಿಂದ ತರಿಸಿದ ಚಹಾ ಕುಡಿಯುತ್ತಿದ್ದೆವು.

“ದಾವಲಸಾಬ, ಆ ದಿಮ್ಮಿ ಆಟ ಬಂದ್ ಮಾಡು,” ಅಂದರು ದಿವಾಣಜಿ. “ರಸ್ತೆ ನಡಬರಕ ಕೆತ್ತಿ ಹೊಂಟೈತಿ. ಮಳೆಯಾದ್ರ ಅದ ಕಾಲಿವಿ ಆಗತೈತಿ. ರಸ್ತೇದವರು ಬಂದು ನನ್ನ ತಲೀಮ್ಯಾಲ ಕುಂತಾರ.”

“ಆ ದಿಮ್ಮಿನ ಬ್ರೇಕ್ರಿ ದಿವಾಣಜಿ. ಬಟ್ಟಲು ತರಸ್ರಿ, ದಿಮ್ಮಿ ಬಿಡ್ತೇನಿ. ಏಪ್ರಿಲದಾಗಿಂದ ಹೇಳಾಕತ್ತೇನಿ.”

“ಹುಬ್ಬಳ್ಳಿಗೆ ಹೇಳಿ ಕಳಿಸೇನಿ. ಬರ್ತಾವು.”

“ಯಾವಾಗ್ರಿ?”

“ಸೋಮವಾರ. ಅಷ್ಟರಾಗ ಇದನ್ನ ಖಾಲಿ ಮಾಡು. ಬರ್ಮಾದಾಗ ಗುಂಡಿನ್ಯಾಗ ಗಾಡಿ ಹೊಡದೇನಿ ಅಂತಿ, ಹನ್ನೊಂದನೇ ಮೈಲಿಗೆ ಅಂಜತಿಯೇನು?”

ಚಾಚಾ ಕಪ್ಪು ಕೆಳಗಿಟ್ಟರು. ದಿವಾಣಜಿಯ ಮುಖ ನೋಡಿದರು, ಬಿದಿರಿನ ರಾಶಿ ನೋಡಿದರು. “ಆತ್ರಿ,” ಅಂದರು.

ಜೀಪು ಹೋದ ಮೇಲೆ ನನ್ನ ಕಡೆ ತಿರುಗಿದರು. “ಇದನ್ನ ಬರಕೊಂಡ್ರೇನು?”

“ಯಾವುದನ್ನ ಚಾಚಾ?”

“ಈಗ ಅಂವ ಅಂದಾನಲಾ, ಅದನ್ನ.”

“ಮಾತು ನಾ ಬರಕೊಳ್ಳೂದಿಲ್ಲ ಚಾಚಾ,” ಎಂದೆ. ನಕ್ಕೆ ಕೂಡ. ಅವರೂ ನಕ್ಕರು. ಅಂದಿನ ಸಾಲು ನನ್ನ ಕೈಬರಹದಲ್ಲಿ ಹೀಗಿದೆ: “ಟ್ರಿಪ್ ೧೧೬. ಹೊರೆ ೨೦೪. ಮೇಲೆ: ಯಲ್ಲಪ್ಪ. ದಿಮ್ಮಿ ಇಲ್ಲ. ಚಹಾ ೨.”

ಗುರುವಾರ, ಶುಕ್ರವಾರ ಮೊದಲನೆಯ ಗೇರಿನಲ್ಲಿ, ಕೈಬ್ರೇಕು ಜಗ್ಗಿ ಹಿಡಿದು ಇಳಿದೆವು. ಶನಿವಾರ ಮಧ್ಯಾಹ್ನ ಮೋಡ ಕಟ್ಟಿತ್ತು. ನಾಲ್ಕು ಗಂಟೆಗೆ ಇಳಿಜಾರಿನ ತಲೆಗೆ ಬಂದೆವು. ನಾನು ‘ಇಲ್ಲ’ ಅಂದೆ. ರಸ್ತೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಅರ್ಧ ಇಳಿದಾಗ ಗೇರು ಹಾರಿತು. ಚಾಚಾ ಪೆಡಲು ತುಳಿದರು. ಅದು ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಕೈಬ್ರೇಕು ಜಗ್ಗಿದರು, ಹೊಗೆ ಬಂತು, ಗಾಡಿ ನಿಲ್ಲಲಿಲ್ಲ. ಬಲಗಡೆ, ನಾನು ಕೂತ ಕಡೆ ಕಮರಿ. ಎಡಗಡೆ ಗುಡ್ಡ ಕಡಿದ ದರೆ. ಎಡಗಡೆ ಅಂದರೆ ಅವರು ಕೂತ ಕಡೆ. ಅವರು ಗಾಡಿಯನ್ನು ಆ ಕಡೆಗೇ ಒತ್ತಿದರು. ಮೊದಲು ಅವರ ಬಾಗಿಲು ಒಳಗೆ ಬಂತು, ಆಮೇಲೆ ಕನ್ನಡಿ ಒಡೆಯಿತು, ಆಮೇಲೆ ಗಾಡಿ ನಿಂತಿತು. ಐದು ಟನ್ ಬಿದಿರು ನಿಲ್ಲಲಿಲ್ಲ. ಅದು ನಮ್ಮ ತಲೆಯ ಮೇಲಿಂದ ಮುಂದಕ್ಕೆ ಜಾರಿತು.

ಯಲ್ಲಪ್ಪ ಅದರ ಕೆಳಗೆ ಬಿದ್ದಿದ್ದ. ನನಗೆ ಒಂದು ಗೀರೂ ಆಗಿರಲಿಲ್ಲ. ಚಾಚಾನ ಎಡಗೈಯ ಮೂರು ಬೆರಳು ಮುರಿದಿದ್ದವು. ಆ ಕೈಯಿಂದಲೇ ಅವರು ಹೊರೆ ಎತ್ತಿ ಎಸೆಯುತ್ತಿದ್ದರು. “ಯಲ್ಲಪ್ಪಾ, ಮಾತಾಡೋ, ಏನರ ಮಾತಾಡೋ,” ಎಂದು ಕೂಗುತ್ತಿದ್ದರು. ಅವನನ್ನು ಹೊರತೆಗೆಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ಅವನು ಹೋಗಿದ್ದ. ಇಪ್ಪತ್ತೆರಡು ಎಂದು ನನಗೆ ಹೇಗೆ ಗೊತ್ತು? ನಾನು ಗಡಿಯಾರ ನೋಡಿದ್ದೆ. ಅಂಥ ಹೊತ್ತಿನಲ್ಲಿ ಗಡಿಯಾರ ನೋಡಿದ ಮನುಷ್ಯ ನಾನು.

ರಬ್ಬರಿನ ಬಟ್ಟಲುಗಳು ಸೋಮವಾರ ಬಂದವು.

ಫೌಜದಾರರು ಪಂಚನಾಮೆ ಮಾಡಿ, ಲೈಸೆನ್ಸು ತೆಗೆದುಕೊಂಡು, ಅಜಾಗರೂಕತೆಯಿಂದ ಗಾಡಿ ಹೊಡೆದು ಮನುಷ್ಯನನ್ನು ಕೊಂದ ಆರೋಪ ಚಾಚಾನ ಮೇಲೆ ಹಾಕಿದರು. ಅವರು ಜಾಮೀನಿನ ಮೇಲೆ ಹಳಿಯಾಳದ ಮನೆಗೆ ಬಂದರು. ನನಗೆ ಆಗ ಇದ್ದ ವಿಚಾರ ಒಂದೇ. ಬ್ರೇಕು ಎಂದಿನಿಂದ ಹೋಗಿತ್ತು, ಎಷ್ಟು ಸಲ ಹೋಗಿತ್ತು ಎಂಬುದೆಲ್ಲ ತಾರೀಖು ಸಮೇತ ನನ್ನ ಹತ್ತಿರ ಇದೆ, ಇದನ್ನು ನೋಡಿದರೆ ತಪ್ಪು ಗಾಡಿ ಇಟ್ಟವರದು, ಹೊಡೆದವರದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಜೂನ್ ೯ರಂದು ಮಳೆಯಲ್ಲಿ ಪುಸ್ತಕವನ್ನು ಎಣ್ಣೆಕಾಗದದಲ್ಲಿ ಸುತ್ತಿಕೊಂಡು ಹೋಗಿ ಫೌಜದಾರರ ಮೇಜಿನ ಮೇಲಿಟ್ಟೆ. ಅವರು ಎರಡು ಪುಟ ತಿರುವಿ ನನ್ನನ್ನು ಕೂರಲು ಹೇಳಿದರು. ಚಹಾ ಕೊಟ್ಟರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅವರು ಕೇಳಿದ್ರನ?”

“ಇಲ್ಲ. ನಾನ ಕೊಟ್ಟೆ.”

“ಕೇಳದ ಯಾಕ ಕೊಟ್ಟಿ? ಆ ದಾವಲಸಾಬಗ ಒಂದ ಮಾತರ ಕೇಳಿದ್ಯಾ?”

ಕೇಳಿರಲಿಲ್ಲ.

ನವೆಂಬರ್ ೧೩, ಸೋಮವಾರ, ಹಳಿಯಾಳದ ಕೋರ್ಟು. ನಾನು ಸರಕಾರದ ಕಡೆಯ ಸಾಕ್ಷಿ ಎಂಬುದು ಕಟಕಟೆ ಹತ್ತುವವರೆಗೂ ನನ್ನ ತಲೆಗೆ ಹೊಕ್ಕಿರಲಿಲ್ಲ. ಸರಕಾರಿ ವಕೀಲರು ಧಾರವಾಡದವರು, ಮೆತ್ತನೆಯ ದನಿ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಗುರುತು ಹಾಕಿದ ಸಾಲುಗಳನ್ನು ನನ್ನಿಂದಲೇ ಓದಿಸಿದರು. ಏಪ್ರಿಲ್ ೧೧: ಬ್ರೇಕ್ ಅರ್ಧ, ದಿಮ್ಮಿ ಕಟ್ಟಿದ್ದು. ಏಪ್ರಿಲ್ ೧೯: ಚರ್ಮ ಬದಲು. ಮೇ ೨೨: ಬ್ರೇಕ್ ಇಲ್ಲದಂತೆಯೇ. ಹೀಗೆ ಹದಿನೇಳು ಸಾಲುಗಳು.

“ಅಂದರ ಬ್ರೇಕ್ ಇಲ್ಲ ಅಂತ ಡ್ರೈವರಗ ಚೆನ್ನಾಗಿ ಗೊತ್ತಿತ್ತು.”

“ಗೊತ್ತಿತ್ರಿ. ಆದರ ದಿವಾಣಜಿಗೂ...”

“ಕೇಳಿದ್ದಕ್ಕಷ್ಟ ಹೇಳ್ರಿ. ನಲವತ್ತೊಂದು ಸಲ ದಿಮ್ಮಿ ಕಟ್ಟಿದಾಂವ ಕೊನೀ ಮೂರು ಸಲ ಯಾಕ ಕಟ್ಟಲಿಲ್ಲ?”

“ದಿವಾಣಜಿ ಬ್ಯಾಡ ಅಂದ್ರು.”

“ಎಲ್ಲಿ ಬರದದ? ತೋರಸ್ರಿ.”

“ಬರದಿಲ್ರಿ. ನಾನು ಕೇಳೇನಿ.”

ಅವರು ಜೂನ್ ೧ರ ಸಾಲಿನ ಮೇಲೆ ಬೆರಳಿಟ್ಟರು. “ಇಲ್ಲಿ ಏನದ, ಓದ್ರಿ.”

“ಚಹಾ ಎರಡು.”

“ಚಹಾ ಬರದೀರಿ. ಪಂಕ್ಚರ್ ಬರದೀರಿ. ಬೋಲ್ಟು ತೊಂಬತ್ತ ಮೂರು ಅಂತ ಬರದೀರಿ. ಇಷ್ಟ ದೊಡ್ಡ ಹುಕುಂ ಬರೀಲಿಲ್ಲ?”

“ಮಾತು ಬರೆಯೋ ರೂಢಿ ಇಲ್ರಿ ನನಗ.”

ಹಿಂದೆ ಕೂತವರು ನಕ್ಕರು. ಚಾಚಾನ ಪರವಾಗಿ ನಿಂತಿದ್ದ ಹಳಿಯಾಳದ ವಯಸ್ಸಾದ ವಕೀಲರು ಚಾಚಾ ಏಪ್ರಿಲಿನಿಂದ ದಿವಾಣಜಿಗೆ ಮಾಡಿದ ತಕರಾರಿನ ಬಗ್ಗೆ ಕೇಳಿದರು. ಅದೂ ಮಾತು, ಅದನ್ನೂ ಬರೆದಿರಲಿಲ್ಲ. ನನ್ನ ನಂತರ ದಿವಾಣಜಿ ಬಂದರು. ಆ ದಿನ ತಾವು ಹೋದದ್ದು ಬಿದಿರು ನೋಡಲು, ದಿಮ್ಮಿಯ ಮಾತೇ ಬರಲಿಲ್ಲ, ಬ್ರೇಕಿನ ತಕರಾರು ತಮ್ಮ ಕಿವಿಗೆ ಬಿದ್ದೇ ಇಲ್ಲ ಎಂದರು. ನನ್ನ ಬಗ್ಗೆ ಒಳ್ಳೆಯ ಮಾತನ್ನೂ ಆಡಿದರು.

“ಹುಡುಗ ಭಾಳ ಪ್ರಾಮಾಣಿಕ್ರಿ ಸಾಹೇಬ್ರ. ನಡದದ್ದನ್ನ ಒಂದೂ ಬಿಡದಂಗ ಬರೀತಾನ.”

ಆರು ತಿಂಗಳು ಸಜೆ, ಲೈಸೆನ್ಸು ರದ್ದು. ಹೊರಗೆ ಪಡಸಾಲೆಯಲ್ಲಿ ಚಾಚಾನ ಹೆಂಡತಿ ನಿಂತಿದ್ದರು. ಆ ದಿನದವರೆಗೆ ನಾನು ಅವರನ್ನು ನೋಡಿರಲಿಲ್ಲ. ಅವರೇ ಗುರುತು ಹಿಡಿದರು.

“ಕಾರಕೂನ ಅಂದ್ರ ನೀವನೇನಪಾ? ನಿಮ್ಮ ಸುದ್ದಿ ಮನ್ಯಾಗ ಭಾಳ ಹೇಳ್ತಿದ್ರು. ಆ ಹುಡುಗ ‘ಇಲ್ಲ’ ಅಂದ್ರ ಕಣ್ಣ ಮುಚ್ಚಿ ಹೋಗಬಹುದು ಅಂತಿದ್ರು.” ಬೈಯಲಿಲ್ಲ. ಅಷ್ಟೇ ಹೇಳಿ ಸೆರಗು ಸರಿಮಾಡಿಕೊಂಡು ಹೋದರು.

ಡಿಸೆಂಬರಿನಲ್ಲಿ ದಿವಾಣಜಿ ನನಗೆ ಹೊಸ ರಜಿಸ್ಟರ್ ಕೊಟ್ಟು, ಅದರಲ್ಲಿ ಒಂದು ಹೊಸ ಕಾಲಮ್ಮು ಗೆರೆ ಹಾಕಲು ಹೇಳಿದರು. ‘ಗಾಡಿ ಸರಿ ಇದೆ’ ಎಂದು ದಿನಾ ಬೆಳಿಗ್ಗೆ ಡ್ರೈವರನ ಸಹಿ ತೆಗೆದುಕೊಳ್ಳಲು. ಮಿಲಿಟರಿ ಗಾಡಿಗೆ ಸತ್ತ ಗಾಡಿಯೊಂದರ ಮೂತಿ ಬೆಸೆದು ಆಗಲೇ ಓಡಿಸುತ್ತಿದ್ದರು. ಹೊಸ ಡ್ರೈವರ್ ಪುಟ ತಿರುವಿ ಇಡೀ ತಿಂಗಳಿಗೆ ಒಮ್ಮೆಲೇ ಸಹಿ ಹಾಕಿದ. “ಎಲ್ಲಾ ದಿನಾ ಒಂದ ಅಲ್ಲೇನ್ರಿ?” ಅಂದ. ನಾನು ಗೆರೆ ಹಾಕುವ ಪಟ್ಟಿಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದೆ. ಮರುದಿನ ಕೆಲಸಕ್ಕೆ ಹೋಗಲಿಲ್ಲ.

ಮುಂದಿನ ವರ್ಷ ಏಪ್ರಿಲಿನಲ್ಲಿ ಆ ವಯಸ್ಸಾದ ವಕೀಲರನ್ನು ಹೋಗಿ ಕಂಡೆ. ಲೈಸೆನ್ಸು ವಾಪಸ್ ಕೊಡಬೇಕೆಂದು ಅರ್ಜಿ ಹಾಕಬಹುದು, ಆದರೆ ಡ್ರೈವರನಿಗೆ ಬೇರೆ ದಾರಿ ಇರಲಿಲ್ಲ ಎಂದು ತೋರಿಸುವಂಥದೇನಾದರೂ ಅದರಲ್ಲಿರಬೇಕು ಎಂದರು. ಹನ್ನೊಂದು ದಿನ ಕೂತು, ಜೂನ್ ೧ರಂದು ಕೂಪಿನಲ್ಲಿ ಯಾರು ಯಾರಿಗೆ ಏನಂದರು ಎಂಬುದನ್ನೆಲ್ಲ ನೆನಪಿನಿಂದ ನಾಲ್ಕು ಹಾಳೆ ಬರೆದೆ. ನಾನು ಮಾತುಗಳನ್ನು ಬರೆದದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಚಾಚಾ ಬಿಡುಗಡೆಯಾಗಿ ಬಂದರು. ಹಳಿಯಾಳದಲ್ಲಿ ಅವರ ಅಳಿಯನ ಸೈಕಲ್ ಅಂಗಡಿಗೆ ಹೋದೆ. ಹಲಗೆಯ ಮೇಲೆ ಕೂತು ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. ಎಡಗೈಯ ಮೂರು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು.

“ಬರ್ರಿ ಕಾರಕೂನ್ ಸಾಹೇಬ್ರ. ಕುಂದರ್ರಿ. ತೆಳ್ಳಗಾಗೀರಿ.”

ನಾನು ಬಂದ ಕಾರಣ ಹೇಳಿ ಹಾಳೆಗಳನ್ನು ತೆಗೆದೆ.

“ನನಗ ಕನ್ನಡಾ ಓದಾಕ ಬರೂದಿಲ್ಲಲಾ. ನೀವ ಓದ್ರಿ.”

ಓದಿದೆ. ಅವರು ಟ್ಯೂಬನ್ನು ನೀರಿನಲ್ಲೇ ಬಿಟ್ಟು ಕೇಳುತ್ತಿದ್ದರು. ದಿವಾಣಜಿಯ ಮಾತು ಬಂದಲ್ಲಿ ತಲೆಯಾಡಿಸಿದರು. ಎರಡನೆಯ ಹಾಳೆಯ ಕೊನೆಗೆ ಬಂದೆ. “ಆಗ ದಾವಲಸಾಬ ಅವರು, ಬ್ರೇಕು ಸರಿಮಾಡದ ಹೊರತು ತಾನು ಈ ಗಾಡಿಯನ್ನು ಹೊಡೆಯುವುದಿಲ್ಲವೆಂದು ಸ್ಪಷ್ಟವಾಗಿ ನಿರಾಕರಿಸಿದರು. ದಿವಾಣಜಿಯವರು ಕೆಲಸದಿಂದ ತೆಗೆಯುವುದಾಗಿ ಹೆದರಿಸಿದ್ದರಿಂದ...”

“ನಿಂದರ್ರಿ,” ಅಂದರು ಚಾಚಾ. “ಇದು ಯಾರ ಅಂದದ್ದು?”

“ನೀವ, ಚಾಚಾ.”

“ಯಾವಾಗ?”

ನಾನು ಮತ್ತೆ ಹಾಳೆಯನ್ನೇ ನೋಡಿದೆ.

“ನಾ ‘ಆತ್ರಿ’ ಅಂದೆ. ನೀವು ಬಾಜೂಕ ಇದ್ರಿ. ಕೇಳಿರಿ.”

“ವಕೀಲರು ಹೇಳ್ಯಾರ ಚಾಚಾ. ಇದ ಇದ್ರನ ಅರ್ಜಿ ಗಟ್ಟಿ ಆಗೂದು. ಇದರಾಗ ಯಾರಿಗೂ ಕೆಟ್ಟದ್ದಿಲ್ಲ. ದಿವಾಣಜಿ ಅಷ್ಟ ಸುಳ್ಳ ಹೇಳಲಿಲ್ಲೇನು?”

“ಅಂವ ಹೇಳಿದಾ. ಅದು ಅವಂದು.” ಅವರು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡರು. “ಜೇಲಿನ್ಯಾಗ ದಿನಾ ಇದನ್ನ ವಿಚಾರ ಮಾಡೇನಿ ಬೇಟಾ. ಆ ದಿವಸ ನಾ ಒಲ್ಲೆ ಅಂದಿದ್ರ ಯಲ್ಲಪ್ಪ ಇರ್ತಿದ್ದ. ಅನ್ನಬೇಕಿತ್ತು. ಬರ್ಮಾದ ಮಾತು ತಗದಾ, ನನಗ ಸಿಟ್ಟ ಬಂತು, ‘ಆತ್ರಿ’ ಅಂದುಬಿಟ್ಟೆ. ಈಗ ಒಲ್ಲೆ ಅಂದಿದ್ದೆ ಅಂತ ಕಾಗದಾ ತೋರಿಸಿ ಲೈಸನ್ಸ ತಗೊಂಡ್ರ, ಯಾವ ಗಾಡಿ ಹತ್ತಲಿ ನಾನು? ಎಲ್ಲಿ ಐತಿ ಆ ಸಾಲು?”

ತೋರಿಸಿದೆ. ಅವರು ಸೊಟ್ಟ ಬೆರಳನ್ನು ಅದರ ಬುಡಕ್ಕಿಟ್ಟರು.

“ಹೊಡದಹಾಕ್ರಿ.”

ಪೆನ್ನು ತೆಗೆದು ಒಂದು ಗೆರೆ ಎಳೆದೆ.

“ಹಂಗಲ್ಲ. ಓದಾಕ ಬರಬಾರದು.”

ಕೆಲಸದಿಂದ ತೆಗೆಯುವ ಮಾತನ್ನೂ ಸೇರಿಸಿ ಮತ್ತೆ ಮತ್ತೆ ಎಳೆದೆ. ಶಾಯಿ ಹಿಂದಿನ ಪುಟಕ್ಕೆ ಇಳಿಯಿತು. ಅವರು ಬಗ್ಗಿ ನೋಡಿ, ಅಕ್ಷರ ಒಂದೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆರಳು ತೆಗೆದರು. “ಈಗ ಮುಂದ ಓದ್ರಿ,” ಅಂದರು. ಉಳಿದದ್ದನ್ನು ಓದಿ ಮುಗಿಸಿದೆ. “ಈಗ ಬರೋಬ್ಬರಿ ಐತಿ. ಕೊಡ್ರಿ ಅವರಿಗೆ,” ಎಂದು ಟ್ಯೂಬನ್ನು ನೀರಿನಿಂದ ಎತ್ತಿಕೊಂಡರು.

ಅಲ್ಲಿಂದ ನೇರವಾಗಿ ವಕೀಲರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ನಾಲ್ಕೂ ಹಾಳೆ ಓದಿದರು. ಕಪ್ಪಾದ ಸಾಲನ್ನು ಬೆಳಕಿಗೆ ಹಿಡಿದು ನೋಡಿದರು.

“ಇಲ್ಲೇನಿತ್ತು?”

“ನಡೀದ ಇದ್ದದ್ದು ಬರದಿದ್ದೆ ರೀ. ಅವರ ತಗಸಿದ್ರು.”

ವಕೀಲರು ಹಾಳೆಗಳನ್ನು ಅಂಚು ಕೂಡಿಸಿ, ಎರಡು ಮಡಿಕೆ ಮಾಡಿ, ನನ್ನ ಕೈಯಲ್ಲಿಟ್ಟರು.

“ಹಂಗಾದರ ಅರ್ಜಿ ಬ್ಯಾಡ,” ಅಂದರು. “ಉಳದದ್ದರಾಗ, ಬ್ರೇಕ್ ಇಲ್ಲಾಂತ ಗೊತ್ತಿದ್ದೂ ಗಾಡಿ ಹೊಡದಾ, ಆಂವ ತಪ್ಪಿತಸ್ಥ ಅಂತಷ್ಟ ಐತಿ.”